ಸರಕಿನ ಹೊಣೆ ಯಾರದು?

ಯಶವಂತಪುರದ ಮಾರುಕಟ್ಟೆಯ ಪ್ರಾಂಗಣದಿಂದ ಪೀಣ್ಯದ ಕಾರ್ಖಾನೆಗಳವರೆಗೂ, ಹೆಬ್ಬಾಳ ಯಲಹಂಕಗಳನ್ನು ಹಾದು ದೇವನಹಳ್ಳಿಯ ವಿಮಾನನಿಲ್ದಾಣದವರೆಗೂ, ನಮ್ಮ ನಗರದ ಉತ್ತರಭಾಗದಲ್ಲಿ ವ್ಯಾಪಾರ ನಡೆಯಿಸುವ ಸಾಧಾರಣ ಬಂಡವಾಳದ ಗೃಹಸ್ಥರು ಕೆಲವು ವರ್ಷಗಳಿಂದ ಒಂದು ತೊಡಕಿನಲ್ಲಿ ಸಿಕ್ಕಿದ್ದಾರೆ. ಸರಕನ್ನು ತಯಾರಿಸುವುದು, ಕೊಳ್ಳುವುದು, ಮಾರುವುದು ಅವರು ಬಲ್ಲ ಕೆಲಸ. ಅದನ್ನು ಸಾಗಿಸುವ ಕೆಲಸವನ್ನು ಮಾತ್ರ ಅನ್ಯರಿಗೆ ವಹಿಸಬೇಕಾಗಿದೆ. ಯಾರಿಗೆ ವಹಿಸುವುದು? ಲಾರಿಗಳನ್ನು ಸ್ವಂತವಾಗಿ ಇಟ್ಟುಕೊಂಡವರಿಗೋ, ಲಾರಿಯೊಂದೂ ಇಲ್ಲದೆ ಎಲ್ಲವನ್ನೂ ಏರ್ಪಡಿಸಿಕೊಡುತ್ತೇವೆನ್ನುವ ಮಧ್ಯಸ್ಥರಿಗೋ, ಅಥವಾ ಉಗ್ರಾಣ, ಕಟ್ಟುವಿಕೆ, ಸುಂಕ, ಸಾಗಣೆ ಸಮಸ್ತವನ್ನೂ ಒಂದೇ ಗುತ್ತಿಗೆಯಲ್ಲಿ ಒಪ್ಪಿಕೊಳ್ಳುವ ದೊಡ್ಡ ಕಂಪನಿಗಳಿಗೋ? ಮೂರು ಪಕ್ಷದ ಪ್ರತಿನಿಧಿಗಳೂ ದಿನ ಬೆಳಗಾದರೆ ಬಾಗಿಲಿಗೆ ಬರುತ್ತಾರೆ. ಮೂವರೂ ತಮ್ಮದೇ ಅಗ್ಗವೆನ್ನುತ್ತಾರೆ. ವರ್ತಕರು ದರದ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಕಡಮೆಯದನ್ನು ಆರಿಸುತ್ತಾರೆ. ಕಳೆದುಹೋದ ಸರಕಿಗೆ ಉತ್ತರ ಹೇಳುವವರು ಯಾರೆಂಬ ಪ್ರಶ್ನೆಯು ಆ ಪಟ್ಟಿಯಲ್ಲಿ ಎಲ್ಲಿಯೂ ಇರುವುದಿಲ್ಲ.

ಈ ಕಾರ್ಯಕ್ಕೆ ಈಗ ಲಾಜಿಸ್ಟಿಕ್ಸ್ ಎಂಬ ಹೆಸರು ಬಂದಿದೆ. ಹೆಸರು ಹೊಸದಾದರೂ ಕೆಲಸವು ಹಳೆಯದೇ. ಉತ್ತರ ಕರ್ನಾಟಕದ ಪೇಟೆಗಳಲ್ಲಿ ಹುಂಡೇಕರಿಗಳೆಂಬವರಿದ್ದರು. ಬಾಡಿಗೆಯನ್ನೂ ದಾರಿಯ ಸುಂಕವನ್ನೂ ಸೇರಿಸಿ ಒಂದು ಗುತ್ತಾದ ಮೊತ್ತಕ್ಕೆ ಸರಕನ್ನು ಊರಿಂದ ಊರಿಗೆ ಮುಟ್ಟಿಸುವುದು ಅವರ ವೃತ್ತಿಯಾಗಿತ್ತು. ಈಗಿನ ಮಹಾ ಕಂಪನಿಗಳು ಮಾಡುವುದೂ ಅದನ್ನೇ. ಗಣಕಯಂತ್ರವೊಂದು ಹೆಚ್ಚು; ಹುಂಡೇಕರಿಯ ಮುಖಪರಿಚಯವೊಂದು ಕಡಮೆ.

ಈ ಪ್ರಶ್ನೆಯು ಈಚೆಗೆ ಹೀಗೆ ಬಲಗೊಂಡುದಕ್ಕೆ ಕಾರಣವಿದೆ. ೨೦೧೭ನೆಯ ಇಸವಿಯ ಜುಲೈ ೧ರಂದು ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬರುವುದಕ್ಕೆ ಮುಂಚೆ, ಅಂತರರಾಜ್ಯ ಮಾರಾಟದ ತೆರಿಗೆಯನ್ನು ತಪ್ಪಿಸುವ ಸಲುವಾಗಿ ಕಂಪನಿಗಳು ರಾಜ್ಯಕ್ಕೊಂದರಂತೆ ಸಣ್ಣ ಸಣ್ಣ ಗೋದಾಮುಗಳನ್ನು ಇಟ್ಟುಕೊಂಡಿದ್ದವು. ಆ ಅವಶ್ಯಕತೆಯು ಹೋದ ಮೇಲೆ ನಾಲ್ಕು ರಾಜ್ಯಗಳಿಗೆ ಒಂದೇ ದೊಡ್ಡ ಉಗ್ರಾಣವು ಸಾಕಾಯಿತು. ಗಡಿಯ ತನಿಖಾ ಠಾಣ್ಯಗಳು ಎದ್ದುಹೋದುವು. ನೆಲಮಂಗಲ, ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ಹೊಸಕೋಟೆಗಳ ಹೊಲಗಳಲ್ಲಿ ತಗಡಿನ ಮಹಾಮಂಟಪಗಳು ಎದ್ದುವು. ದೊಡ್ಡಬಳ್ಳಾಪುರದ ಕಡೆಯ ಮುದ್ದೇಲಿಂಗನಹಳ್ಳಿಯಲ್ಲಿ ಸುಮಾರು ೧,೮೦೦ ಕೋಟಿ ರೂಪಾಯಿಗಳ ಬಹುಮಾದರಿ ಸರಕು ಉದ್ಯಾನಕ್ಕೆ ೨೦೨೨ರ ಜೂನ್ ೨೦ರಂದು ಪ್ರಧಾನಮಂತ್ರಿಗಳೇ ಶಂಕುಸ್ಥಾಪನೆ ಮಾಡಿದರು. ಅತ್ತ ೨೦೦೮ರ ಮೇ ತಿಂಗಳಲ್ಲಿ ತೆರೆದ ದೇವನಹಳ್ಳಿಯ ವಿಮಾನನಿಲ್ದಾಣದ ಮೂಲಕ ೨೦೨೪-೨೫ನೆಯ ಸಾಲಿನಲ್ಲಿ ೫ ಲಕ್ಷ ಟನ್ನಿಗೂ ಮೀರಿ ಸರಕು ಸಾಗಿತು. ಇಷ್ಟು ದೊಡ್ಡ ಏರ್ಪಾಡಿನ ನಡುವೆ ಪೀಣ್ಯದ ಮೂರನೆಯ ಹಂತದಲ್ಲಿ ನಾಲ್ಕು ಲೇತುಗಳನ್ನಿಟ್ಟುಕೊಂಡಿರುವವನು ತನ್ನದೇ ಲಾರಿ, ತನ್ನದೇ ಗುಮಾಸ್ತ ಎಂದು ಕುಳಿತರೆ ನಡೆಯದೆಂಬುದನ್ನು ನಾವೂ ಒಪ್ಪುತ್ತೇವೆ. ಅನ್ಯರಿಗೆ ವಹಿಸುವುದು ಅನಿವಾರ್ಯವು. ಹೇಗೆ ವಹಿಸಬೇಕೆಂಬುದೇ ವಿಚಾರಾರ್ಹವಾದುದು.

ಮೊದಲನೆಯ ಪಕ್ಷದವರು ವಾಹನಗಳ ಒಡೆಯರು. ನಮ್ಮ ನಾಡಿನಲ್ಲಿ ಇದಕ್ಕೆ ಎಲ್ಲರಿಗೂ ತಿಳಿದ ನಿದರ್ಶನವೆಂದರೆ ಶ್ರೀ ವಿಜಯ ಸಂಕೇಶ್ವರರು ೧೯೭೬ರಲ್ಲಿ ಒಂದೇ ಲಾರಿಯಿಂದ ಆರಂಭಿಸಿ ಬೆಳೆಯಿಸಿದ ವಿ.ಆರ್.ಎಲ್. ಸಂಸ್ಥೆ. ಇಂಥವರು ಹೇಳುವುದಿಷ್ಟು: ವಾಹನ ನಮ್ಮದು, ಚಾಲಕ ನಮ್ಮವನು, ಆದಕಾರಣ ನಿಮ್ಮ ಸರಕು ನಮ್ಮ ಕಣ್ಣೆದುರಿಗಿದೆ. ಮಾತು ದಿಟವೇ. ಆದರೆ ಲಾರಿಯನ್ನು ಇಟ್ಟವನು ಲಾರಿಯನ್ನೇ ಮಾರಬೇಕು. ೨೦೨೦ರ ಆಗಸ್ಟ್ ತಿಂಗಳ ಕೊನೆಗೆ ನೆಲಮಂಗಲದಿಂದ ಸೊಲ್ಲಾಪುರದ ಬಳಿಯ ಬಾಳೆಗೆ ೬೮೨ ಕಿಲೋಮೀಟರುಗಳ ದೂರ, ತುಂಬಿದ ಲಾರಿಗಳನ್ನೇ ರೈಲಿನ ಮೇಲೇರಿಸಿ ಒಯ್ಯುವ ಏರ್ಪಾಡನ್ನು ನೈರುತ್ಯ ರೈಲ್ವೆಯವರು ಆರಂಭಿಸಿದರು. ಅಂಥ ದಾರಿಯು ನಿಮಗೆ ಅಗ್ಗವಾದೀತೇ ಎಂಬ ಸಲಹೆಯನ್ನು ರಸ್ತೆಯಲ್ಲಿ ಓಡಲೆಂದು ನೂರು ಲಾರಿಗಳ ಸಾಲದ ಕಂತನ್ನು ಕಟ್ಟುತ್ತಿರುವವನ ಬಾಯಿಂದ ನಿರೀಕ್ಷಿಸುವುದು ಅನ್ಯಾಯವಾದೀತು.

ಎರಡನೆಯವರು ಮಧ್ಯಸ್ಥರು. ಯಶವಂತಪುರದ ಓಣಿಗಳಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಫೋನು ಇಟ್ಟುಕೊಂಡು ಮೂವತ್ತು ವರ್ಷ ನಡೆಯಿಸಿದ ಬಾಡಿಗೆ ಏಜೆಂಟರೂ ಇವರೇ; ನಮ್ಮ ಬೆಂಗಳೂರಿನಲ್ಲಿಯೇ ನೆಲೆಯೂರಿರುವ ಪೋರ್ಟರ್, ಬ್ಲ್ಯಾಕ್‌ಬಕ್ ಮೊದಲಾದ, ಕೈಫೋನಿನ ಮೂಲಕ ವಾಹನವನ್ನು ಕೂಡಿಸಿಕೊಡುವ ಸಂಸ್ಥೆಗಳೂ ಬಹುಮಟ್ಟಿಗೆ ಈ ವರ್ಗದವೇ. ಒಂದು ದಿನ ಸಣ್ಣ ಟೆಂಪೋ, ಮರುದಿನ ದೊಡ್ಡ ಟ್ರಕ್ಕು, ಆಮೇಲೆ ಹತ್ತು ದಿನ ಏನೂ ಬೇಡ ಎನ್ನುವ ವರ್ತಕನಿಗೆ ಇವರಷ್ಟು ಅನುಕೂಲರಾದವರು ಬೇರೆ ಇಲ್ಲ. ಇವರಿಗೆ ಲಾರಿ, ರೈಲು, ಹಡಗುಗಳಲ್ಲಿ ಯಾವುದರ ಮೇಲೂ ಪಕ್ಷಪಾತವಿಲ್ಲ. ತೊಂದರೆಯೆಂದರೆ, ಹಿಡಿಯಲು ಹೋದಾಗ ಕೈಗೆ ಸಿಕ್ಕುವುದೂ ಏನೂ ಇಲ್ಲ.

ಮೂರನೆಯವರು ಸರ್ವಭಾರವನ್ನೂ ಹೊರುವವರು. ಅವರಿಗೂ ಮೇಲೆ, ಇಂಥ ನಾಲ್ಕಾರು ಗುತ್ತಿಗೆದಾರರನ್ನು ನೋಡಿಕೊಳ್ಳಲೆಂದು ನೇಮಕವಾಗುವ ಮೇಲ್ವಿಚಾರಕ ಕಂಪನಿಗಳು. ಇವುಗಳಿಗೆ ನಾಲ್ಕನೆಯ ಪಕ್ಷವೆಂದು ಹೆಸರು. ನಮ್ಮ ಸಾಧಾರಣ ವರ್ತಕರಿಗೆ ಈ ನಾಲ್ಕನೆಯವರ ಗೊಡವೆ ಬೇಡ. ಒಬ್ಬ ಗುತ್ತಿಗೆದಾರನನ್ನೇ ನೋಡಿಕೊಳ್ಳಲಾರದವನು ಅವನನ್ನು ನೋಡಿಕೊಳ್ಳುವವನನ್ನು ನೋಡಿಕೊಳ್ಳುವುದೆಂತು?

ಸ್ವಂತ ಆಸ್ತಿಯುಳ್ಳ ಗುತ್ತಿಗೆದಾರನು ಭದ್ರ, ಇಲ್ಲದವನು ಅಭದ್ರ ಎಂಬ ಅಭಿಪ್ರಾಯವು ನಮ್ಮ ಪೇಟೆಯಲ್ಲಿ ಪ್ರಬಲವಾಗಿದೆ. ಇದನ್ನು ಈಚಿನ ಸಂಗತಿಗಳು ಸಮರ್ಥಿಸುವುದಿಲ್ಲ. ಅಮೆರಿಕದಲ್ಲಿ ೧೯೨೪ರಷ್ಟು ಹಿಂದೆಯೇ ಹುಟ್ಟಿ, ಸುಮಾರು ೧೨,೦೦೦ ಲಾರಿಗಳನ್ನೂ ೩೦,೦೦೦ ನೌಕರರನ್ನೂ ಹೊಂದಿದ್ದ ಯೆಲ್ಲೋ ಎಂಬ ಕಂಪನಿಯು ೨೦೨೩ರ ಜುಲೈ ಕೊನೆಯಲ್ಲಿ ಕೆಲಸ ನಿಲ್ಲಿಸಿತು. ಅದನ್ನು ಕಂಡು ಲಾರಿಯಿಲ್ಲದವರೇ ಮೇಲೆಂದವರ ಮಾತು ಮೂರು ತಿಂಗಳೂ ನಿಲ್ಲಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ, ಲಾರಿಯೊಂದೂ ಇಲ್ಲದೆ ಯಂತ್ರದ ಮೂಲಕ ಬಾಡಿಗೆ ಕೂಡಿಸುತ್ತಿದ್ದ, ಒಂದೂವರೆ ವರ್ಷದ ಕೆಳಗೆ ೩೮೦ ಕೋಟಿ ಡಾಲರು ಬೆಲೆ ಕಟ್ಟಿಸಿಕೊಂಡಿದ್ದ ಕಾನ್ವಾಯ್ ಎಂಬ ಸಂಸ್ಥೆಯೂ ಬಾಗಿಲು ಮುಚ್ಚಿತು. ನಮ್ಮ ದೇಶದಲ್ಲಿಯೂ, ಚಾಲಕರನ್ನು ದಾರಿಯಲ್ಲಿ ಬದಲಾಯಿಸುತ್ತ ಸ್ವಂತ ಲಾರಿಗಳನ್ನು ವೇಗವಾಗಿ ಓಡಿಸುವೆನೆಂದು ಹೊರಟ ರಿವಿಗೋ ಸಂಸ್ಥೆಯು ತನ್ನ ಮುಖ್ಯ ವ್ಯವಹಾರವನ್ನು ೨೦೨೨ರಲ್ಲಿ ಮಹೀಂದ್ರಾ ಲಾಜಿಸ್ಟಿಕ್ಸಿಗೆ ೨೨೫ ಕೋಟಿ ರೂಪಾಯಿಗಳಿಗೆ ಒಪ್ಪಿಸಿತು. ಆದುದರಿಂದ ಆಸ್ತಿಯುಂಟೋ ಇಲ್ಲವೋ ಎಂಬುದನ್ನೇ ಹಿಡಿದು ನಿರ್ಣಯಿಸುವುದು ಯುಕ್ತವಲ್ಲ.

ಹಾಗಾದರೆ ಯಾವುದನ್ನು ಹಿಡಿಯಬೇಕು? ರಸೀದಿಯನ್ನು ಹಿಡಿಯಬೇಕೆಂದು ನಮ್ಮ ಅಭಿಪ್ರಾಯ.

ಬಿಲ್ಟಿಯೆಂದೂ ಎಲ್.ಆರ್. ಎಂದೂ ನಮ್ಮ ಪೇಟೆಯವರು ಕರೆಯುವ ಆ ಕಾಗದವನ್ನು ಅನೇಕರು ಹಣ ಕೊಡುವಾಗ ಮಾತ್ರ ನೋಡುತ್ತಾರೆ. ಕಾನೂನು ನೋಡುವುದು ಅದನ್ನೇ. ೧೮೬೫ನೆಯ ಇಸವಿಯ ಹಳೆಯ ವಾಹಕರ ಕಾಯಿದೆಯನ್ನು ತೆಗೆದುಹಾಕಿ ೨೦೦೭ರಲ್ಲಿ ರಸ್ತೆಯ ಮೂಲಕ ಸರಕು ಸಾಗಣೆಯ ಹೊಸ ಕಾಯಿದೆಯನ್ನು ಪಾರ್ಲಿಮೆಂಟು ಮಾಡಿತು. ಅದು ೨೦೧೧ರಲ್ಲಿ ಜಾರಿಗೆ ಬಂದಿತು. ಈ ಕಾಯಿದೆಯ ಪ್ರಕಾರ ಸಾರ್ವತ್ರಿಕ ವಾಹಕನೆಂದರೆ ಲಾರಿಯ ಒಡೆಯನೇ ಆಗಬೇಕೆಂದಿಲ್ಲ. ರಸೀದಿಯನ್ನು ಕೊಟ್ಟು ಎಲ್ಲರಿಂದಲೂ ಸರಕನ್ನು ಸಂಗ್ರಹಿಸಿ, ಇರಿಸಿ, ಮುಂದಕ್ಕೆ ಕಳುಹಿಸುವ ವೃತ್ತಿಯುಳ್ಳವನೂ ವಾಹಕನೇ. ಅವನು ನೋಂದಾಯಿಸಿಕೊಂಡಿರಬೇಕು. ಸರಕು ಕಳೆದರೆ, ಅದು ಅವನ ಅಜಾಗ್ರತೆಯಿಂದಲೇ ಕಳೆಯಿತೆಂದು ದಾವಾ ಹಾಕಿದವನು ರುಜುವಾತು ಮಾಡಬೇಕಾಗಿಲ್ಲ. ವರ್ತಕನಿಗೆ ಇದಕ್ಕಿಂತ ಬಲವಾದ ಆಸರೆ ಯಾವುದಿದೆ?

ಆದರೆ ಈ ಆಸರೆಯಲ್ಲಿ ಎರಡು ಕಂಡಿಗಳಿವೆ. ವರ್ತಕರು ಜಾರಿ ಬೀಳುವುದು ಅಲ್ಲಿಯೇ. ಕಳುಹಿಸುವಾಗ ಸರಕಿನ ಬೆಲೆಯನ್ನು ಘೋಷಿಸಿ ಹೆಚ್ಚಿನ ಹೊಣೆಯ ದರವನ್ನು ಒಪ್ಪಿಕೊಂಡಿರದಿದ್ದರೆ, ಪರಿಹಾರವು ಬಾಡಿಗೆಯ ಹತ್ತು ಪಟ್ಟನ್ನು ಮೀರುವುದಿಲ್ಲ. ೪ ಲಕ್ಷ ರೂಪಾಯಿಗಳ ಯಂತ್ರಭಾಗಗಳನ್ನು ೬,೦೦೦ ರೂಪಾಯಿಗಳ ಬಾಡಿಗೆಗೆ ಕಳುಹಿಸಿದವನು ಲಾರಿ ಮಗುಚಿದ ಮೇಲೆ ೬೦,೦೦೦ ರೂಪಾಯಿಗಳಲ್ಲಿ ತೃಪ್ತನಾಗಬೇಕು. ಐನೂರು ರೂಪಾಯಿ ಬಾಡಿಗೆಯನ್ನು ಚೌಕಾಸಿ ಮಾಡಿ ಇಳಿಸಿದವನು ಪರಿಹಾರದಲ್ಲಿ ಐದು ಸಾವಿರವನ್ನು ಇಳಿಸಿಕೊಂಡನೆಂದೂ ಲೆಕ್ಕವಾಯಿತು! ಎರಡನೆಯದು, ಸರಕನ್ನು ಬುಕ್ ಮಾಡಿದ ದಿನದಿಂದ ೧೮೦ ದಿನಗಳೊಳಗಾಗಿ ನಷ್ಟದ ವಿಷಯವನ್ನು ಬರೆಹದ ಮೂಲಕ ವಾಹಕನಿಗೆ ತಿಳಿಸಿರಬೇಕು. ‘ನೋಡೋಣ ಸ್ವಾಮಿ, ಮಾಡಿಸಿಕೊಡೋಣ’ ಎಂಬ ಫೋನಿನ ಮಾತನ್ನು ನಂಬಿ ಏಳು ತಿಂಗಳು ಕಳೆದವನಿಗೆ ನ್ಯಾಯಾಲಯದ ಬಾಗಿಲು ಮುಚ್ಚಿರುತ್ತದೆ.

ಇನ್ನು ಮಧ್ಯಸ್ಥರ ಕರಾರುಗಳನ್ನು ಓದಿ ನೋಡಬೇಕು. ತಾವು ಕೇವಲ ಇಬ್ಬರನ್ನು ಪರಿಚಯ ಮಾಡಿಸುವವರು, ಸಾಗಣೆಯು ಲಾರಿಯವನದೇ ಹೊರತು ತಮ್ಮದಲ್ಲ ಎಂಬ ಅರ್ಥದ ಕಲಮು ಅನೇಕ ಕರಾರುಗಳಲ್ಲಿ ಸಣ್ಣಕ್ಷರದಲ್ಲಿ ಅಡಗಿರುತ್ತದೆ. ವರ್ತಕನು ದರ ಮಾತಾಡಿದುದು ಒಬ್ಬನೊಡನೆ, ಹಣ ಕೊಟ್ಟುದು ಅವನಿಗೆ, ರಸೀದಿಯ ಮೇಲಿರುವ ಹೆಸರು ಇನ್ನೊಬ್ಬನದು, ಲಾರಿಯು ಮೂರನೆಯವನದು. ಹೀಗಿರುವಲ್ಲಿ ಚಿತ್ರದುರ್ಗದ ಬಳಿ ಸರಕು ಕಾಣೆಯಾದರೆ ಯಾರನ್ನು ಕೇಳುವುದು? ಇ-ವೇ ಬಿಲ್ಲಿನ ಮಾತೂ ಇದೇ ತರದ್ದು. ಅದರಲ್ಲಿ ವಾಹನದ ಸಂಖ್ಯೆಯು ನಮೂದಾಗಿರಬೇಕು. ಮಧ್ಯಸ್ಥನು ದಾರಿಯಲ್ಲಿ ಸರಕನ್ನು ಬೇರೊಂದು ಲಾರಿಗೆ ಏರಿಸಿ ಸಂಖ್ಯೆಯನ್ನು ತಿದ್ದದೆ ಬಿಟ್ಟರೆ, ತಡೆಹಿಡಿಯಲ್ಪಡುವುದು ವರ್ತಕನ ಮಾಲು. ಆದುದರಿಂದ ಮಧ್ಯಸ್ಥರೊಡನೆ ವ್ಯವಹಾರ ಬೇಡವೆಂದು ನಾವು ಹೇಳುವುದಿಲ್ಲ. ತನ್ನ ಹೆಸರಿನ ರಸೀದಿಯನ್ನು ಕೊಡುವ ಮಧ್ಯಸ್ಥನೊಡನೆ ವ್ಯವಹರಿಸಬೇಕು. ಕೊಡದವನು ಎಷ್ಟೇ ಅಗ್ಗವಾದರೂ ಬೆಲೆಯುಳ್ಳ ಸರಕನ್ನು ಅವನ ಕೈಗೆ ಕೊಡಬಾರದು.

ಸರ್ವಭಾರವನ್ನೂ ಒಬ್ಬನಿಗೇ ಒಪ್ಪಿಸಿದರೆ ಈ ಗೊಂದಲವೇ ಇಲ್ಲವಲ್ಲ ಎಂದು ಕೆಲವರು ಕೇಳಬಹುದು. ೨೦೧೮ರ ಫೆಬ್ರವರಿಯಲ್ಲಿ ಇಂಗ್ಲೆಂಡಿನಲ್ಲಿ ನಡೆದುದನ್ನು ಅವರು ನೆನೆಯಬೇಕು. ಕೆ.ಎಫ್.ಸಿ. ಎಂಬ ಕೋಳಿಮಾಂಸದ ಅಂಗಡಿಗಳ ಸಂಸ್ಥೆಯು ಆ ಬಗೆಯ ಪದಾರ್ಥಗಳ ಸಾಗಣೆಯಲ್ಲಿ ನುರಿತಿದ್ದ ಬಿಡ್‌ವೆಸ್ಟ್ ಎಂಬ ಹಳೆಯ ಗುತ್ತಿಗೆದಾರರನ್ನು ಬಿಟ್ಟು, ಜಗತ್ಪ್ರಸಿದ್ಧವಾದ ಡಿ.ಎಚ್.ಎಲ್. ಸಂಸ್ಥೆಗೆ ಕೆಲಸವನ್ನು ವಹಿಸಿತು. ಹಿಂದಿನವರು ಆರು ಉಗ್ರಾಣಗಳಿಂದ ಹಂಚುತ್ತಿದ್ದುದನ್ನು ಹೊಸಬರು ರಗ್ಬಿ ಎಂಬ ಊರಿನ ಒಂದೇ ಉಗ್ರಾಣದಿಂದ ಹಂಚಹೊರಟರು. ಕೆಲವೇ ದಿನಗಳಲ್ಲಿ ಸುಮಾರು ೯೦೦ ಅಂಗಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕೋಳಿಯಿಲ್ಲದೆ ಮುಚ್ಚಿದುವು. ಮುಂದಿನ ತಿಂಗಳು ಒಂದು ಪಾಲಿನ ಅಂಗಡಿಗಳ ಸಾಗಣೆಯು ಹಳೆಯ ಗುತ್ತಿಗೆದಾರರಿಗೇ ಮರಳಿತು. ಡಿ.ಎಚ್.ಎಲ್. ಅಸಮರ್ಥ ಸಂಸ್ಥೆಯೆಂದು ಯಾರೂ ಹೇಳಲಾರರು. ದೊಡ್ಡ ಹೆಸರೂ ಒಂದೇ ಉಗ್ರಾಣವೂ ಕೂಡಿದಾಗ, ಅಲ್ಲಿ ಮಾರ್ಗವೊಂದು ಕಟ್ಟಿಕೊಂಡರೆ ಎಲ್ಲವೂ ಕಟ್ಟಿಕೊಳ್ಳುತ್ತದೆ, ಅಷ್ಟೆ.

ಮಾರ್ಗ ಕಟ್ಟಿಕೊಳ್ಳುವುದೆಂದರೆ ಏನೆಂಬುದನ್ನು ನಮ್ಮ ಉತ್ತರ ಬೆಂಗಳೂರಿನವರಿಗೆ ಇಂಗ್ಲೆಂಡಿನವರು ಕಲಿಸಬೇಕಾಗಿಲ್ಲ. ತುಮಕೂರು ರಸ್ತೆಯ ಮೇಲ್ಸೇತುವೆಯ ಕೇಬಲುಗಳಲ್ಲಿ ದೋಷವು ಕಂಡುಬಂದು ೨೦೨೧ರ ಡಿಸೆಂಬರ್ ೨೫ರಂದು ಅದನ್ನು ಮುಚ್ಚಿದರು. ಮುಂದಿನ ಫೆಬ್ರವರಿಯಲ್ಲಿ ಲಘು ವಾಹನಗಳನ್ನು ಬಿಟ್ಟರೂ, ಭಾರೀ ವಾಹನಗಳಿಗೆ ಪುನಃ ಅವಕಾಶ ದೊರೆತುದು ೨೦೨೪ರ ಜುಲೈ ಕೊನೆಯಲ್ಲಿ. ಎರಡೂವರೆ ವರ್ಷಕ್ಕೂ ಮೀರಿ ಪೀಣ್ಯದ ಸರಕೆಲ್ಲವೂ ಕೆಳಗಿನ ರಸ್ತೆಯಲ್ಲಿ ಗೊರಗುಂಟೆಪಾಳ್ಯದ ಕೂಡುರಸ್ತೆಯನ್ನು ತೆವಳಿ ದಾಟಬೇಕಾಯಿತು. ಹೆಬ್ಬಾಳದ ಮೇಲ್ಸೇತುವೆಯ ಬಳಿ ಬೆಳಗು ಸಂಜೆ ಆಗುವುದನ್ನು ವರ್ಣಿಸಬೇಕಾಗಿಲ್ಲ. ಇದರ ಮೇಲೆ ನಗರದೊಳಗೆ ಭಾರೀ ವಾಹನಗಳಿಗೆ ಹೊತ್ತಿನ ನಿರ್ಬಂಧವೂ ಉಂಟು. ಈ ವಿಳಂಬದ ವೆಚ್ಚವನ್ನು ಹೊತ್ತವರು ಯಾರು? ಕರಾರಿನಲ್ಲಿ ವಿಳಂಬದ ಮಾತೇ ಇಲ್ಲದಲ್ಲಿ, ಇಬ್ಬರಲ್ಲಿ ಬಡವನಾದವನು ಹೊತ್ತನು. ಬಹಳ ಸಂದರ್ಭಗಳಲ್ಲಿ ಅವನು ಒಂದೇ ಲಾರಿಯನ್ನು ತಾನೇ ಓಡಿಸುವ ಒಡೆಯ-ಚಾಲಕನು. ಗೇಟಿನ ಹೊರಗೆ ಹತ್ತು ಗಂಟೆ ಕಾದು ಹಾಲ್ಟಿಂಗ್ ಚಾರ್ಜು ಕೇಳಿದರೆ, ಮಧ್ಯಸ್ಥನು ವರ್ತಕನ ಕಡೆಗೂ ವರ್ತಕನು ಮಧ್ಯಸ್ಥನ ಕಡೆಗೂ ಕೈ ತೋರಿಸುತ್ತಾರೆ. ಇದನ್ನು ಅಗ್ಗದ ದರವೆಂದು ಕರೆಯುವುದು ಸರಿಯೆಂದು ನಮಗೆ ತೋರುವುದಿಲ್ಲ.

೨೦೨೫ರ ಏಪ್ರಿಲಿನಲ್ಲಿ ರಾಜ್ಯ ಸರ್ಕಾರವು ಡೀಸಲಿನ ಮಾರಾಟ ತೆರಿಗೆಯನ್ನು ಶೇಕಡಾ ೧೮.೪೪ರಿಂದ ೨೧.೧೭ಕ್ಕೆ ಏರಿಸಿದುದನ್ನೂ ಟೋಲಿನ ಹೊರೆಯನ್ನೂ ಪ್ರತಿಭಟಿಸಿ ಲಾರಿ ಮಾಲೀಕರು ಏಪ್ರಿಲ್ ೧೪ರ ಮಧ್ಯರಾತ್ರಿಯಿಂದ ಕೆಲವು ದಿನ ಮುಷ್ಕರ ಹೂಡಿದರು. ಸರಕಿನ ಒಡೆಯರಲ್ಲಿ ಹಲವರು ಅವರನ್ನು ಬೈದರು. ಆದರೆ ವರ್ಷಕ್ಕೊಮ್ಮೆ ಬಾಡಿಗೆ ಗೊತ್ತುಮಾಡಿ, ಡೀಸಲಿನ ಏರಿಳಿತವನ್ನು ಲಾರಿಯವನ ತಲೆಯ ಮೇಲೆ ಹೇರುವ ಕರಾರನ್ನು ಬರೆದವರು ಯಾರು? ಡೀಸಲಿನ ಬೆಲೆಯೊಡನೆ ಬಾಡಿಗೆಯೂ ಏರಿ ಇಳಿಯುವ ಕಲಮೊಂದು ಇದ್ದರೆ ಉಭಯತ್ರರಿಗೂ ಕ್ಷೇಮವು.

ಈ ವಿಚಾರದಲ್ಲಿ ಎಲ್ಲರಿಗೂ ಒಂದೇ ಔಷಧಿಯನ್ನು ಹೇಳುವುದು ಸಾಧ್ಯವಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಗುಲಾಬಿ ಬೆಳೆಗಾರರ ಸಂಗತಿಯನ್ನು ನೋಡೋಣ. ಹೂವು ಹೆಬ್ಬಾಳದ ಅಂತರರಾಷ್ಟ್ರೀಯ ಪುಷ್ಪ ಹರಾಜು ಕೇಂದ್ರಕ್ಕೆ ಹೋಗುವುದಾದರೆ ಬೆಳೆಗಾರನಿಗೆ ಪರಿಚಯದ ವ್ಯಾನು ಸಾಕು. ಅದೇ ಹೂವು ವಿದೇಶಕ್ಕೆ ಹೋಗುವುದಾದರೆ, ಕೊಯ್ದ ಗಳಿಗೆಯಿಂದ ವಿಮಾನದ ಹೊಟ್ಟೆಯನ್ನು ಸೇರುವವರೆಗೂ ೨ರಿಂದ ೪ ಡಿಗ್ರಿಗಳ ತಂಪಿನಲ್ಲಿ ಇರಬೇಕು. ತಂಪಿನ ಲಾರಿಯವನು ಒಬ್ಬ, ಸುಂಕದ ಕಾಗದ ಮಾಡಿಸುವವನು ಒಬ್ಬ, ವಿಮಾನನಿಲ್ದಾಣದ ಸರಕುಮನೆಯವರು ಇನ್ನೊಬ್ಬರು. ಹೂವು ಬಾಡುವುದು ಸಾಮಾನ್ಯವಾಗಿ ಇವರಲ್ಲಿ ಯಾರ ಕೈಯಲ್ಲಿಯೂ ಅಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ನಡುವಣ ಅರ್ಧ ಗಂಟೆಯಲ್ಲಿ, ಬಿಸಿಲಿನ ಕಟ್ಟೆಯ ಮೇಲೆ. ಆದುದರಿಂದ ಇಲ್ಲಿ ತೋಟದ ಬಾಗಿಲಿನಿಂದ ವಿಮಾನದವರೆಗೆ ಒಬ್ಬನೇ ಹೊಣೆಗಾರನಿರುವುದು ಅವಶ್ಯಕವು. ದರ ಹೆಚ್ಚಾದರೂ ಸರ್ವಭಾರದ ಗುತ್ತಿಗೆಯೇ ಇಲ್ಲಿ ಮೇಲು. ಒಬ್ಬ ಬೆಳೆಗಾರನಿಗೆ ಅದು ಎಟುಕದಿದ್ದರೆ ಹತ್ತು ಮಂದಿ ಕೂಡಿ ಗೊತ್ತುಮಾಡಬಹುದು. ಪ್ರತಿಯೊಂದು ಹಸ್ತಾಂತರದಲ್ಲಿಯೂ ಪೆಟ್ಟಿಗೆಯ ಒಳಗಿನ ಉಷ್ಣತೆಯನ್ನು ಬರೆದು ಸಹಿ ಹಾಕಿಸಬೇಕೆಂಬ ಷರತ್ತೊಂದು ಇರಲೇಬೇಕು.

ಪೀಣ್ಯದ ಯಂತ್ರಭಾಗಗಳ ತಯಾರಕನ ಪರಿಸ್ಥಿತಿ ಬೇರೆ. ವಾರಕ್ಕೆ ಮೂರು ದಿನ ಹೊಸೂರಿಗೋ ಪುಣೆಗೋ ಅದೇ ಗಿರಾಕಿಗೆ ಅದೇ ಸರಕು. ದಾರಿಯೂ ತೂಕವೂ ನಿಯತವಾಗಿರುವಲ್ಲಿ ಸ್ವಂತ ಲಾರಿಗಳುಳ್ಳ, ಹೆಸರು ನೋಂದಾಯಿಸಿದ ವಾಹಕನೊಡನೆ ವರ್ಷದ ಕರಾರು ಮಾಡುವುದೇ ಲೇಸು. ಮುಷ್ಕರಾದಿ ವಿಪತ್ತಿಗೆಂದು ಕಾಲುಭಾಗದ ಕೆಲಸವನ್ನು ಎರಡನೆಯವನೊಬ್ಬನಿಗೆ ಕೊಟ್ಟಿರಬೇಕು. ಯಶವಂತಪುರದ ಪ್ರಾಂಗಣದ ಈರುಳ್ಳಿ ಆಲೂಗಡ್ಡೆಗಳ ವರ್ತಕನಿಗೆ ಇಂದು ಹತ್ತು ಲಾರಿ ಬಂದರೆ ನಾಳೆ ಎರಡು. ಬೆಲೆ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು. ಅವನಿಗೆ ಮಧ್ಯಸ್ಥನೇ ಸರಿ. ಯಲಹಂಕದ ಮದರ್ ಡೈರಿಯ ಹಾಲಿನಂತೆ ಸೂರ್ಯೋದಯಕ್ಕೆ ಮುಂಚೆಯೇ ಮನೆ ಸೇರಬೇಕಾದ ಪದಾರ್ಥಕ್ಕೆ, ಮಾರ್ಗ ಮಾರ್ಗಕ್ಕೂ ಬೇರೆ ಬೇರೆ ಸಣ್ಣ ಗುತ್ತಿಗೆದಾರನಿರುವುದು ಒಳ್ಳೆಯದು. ಒಬ್ಬನು ತಪ್ಪಿದರೆ ಒಂದು ಬಡಾವಣೆ ಮಾತ್ರ ಕಾಯುತ್ತದೆ. ನಮ್ಮ ಪತ್ರಿಕೆಯ ಕಟ್ಟುಗಳೂ ಬಾಡಿಗೆಯ ವಾಹನಗಳಲ್ಲಿಯೇ ಊರೂರಿಗೆ ಹೋಗತಕ್ಕವು. ಒಂದು ಗಂಟೆ ತಡವಾದ ಪತ್ರಿಕೆಯು ತೂಕದ ಕಾಗದವೇ ಆದುದರಿಂದ ಈ ಮಾತಿನಲ್ಲಿ ನಮಗೆ ಸ್ವಾರ್ಥವೂ ಉಂಟು.

ಯಾರಿಗೆ ವಹಿಸಿದರೂ ಒಂದನ್ನು ಮಾತ್ರ ವರ್ತಕನು ತನ್ನ ಕೈಯಲ್ಲಿಯೇ ಇಟ್ಟುಕೊಳ್ಳಬೇಕು. ಅದು ಲೆಕ್ಕದ ಪುಸ್ತಕ. ಯಾವ ಗಿರಾಕಿಗೆ ಯಾವ ದಿನ ಎಷ್ಟು ಹೋಯಿತು, ಎಷ್ಟು ದಿನಕ್ಕೆ ಮುಟ್ಟಿತು, ಎಷ್ಟು ಒಡೆಯಿತು ಎಂಬ ವಿವರಗಳು ಗುತ್ತಿಗೆದಾರನ ಗಣಕದಲ್ಲಿ ಮಾತ್ರ ಇದ್ದರೆ, ಮೂರು ವರ್ಷಗಳ ತರುವಾಯ ಗುತ್ತಿಗೆದಾರನನ್ನು ಬದಲಾಯಿಸಬೇಕೆಂದಾಗ ವರ್ತಕನಿಗೆ ತನ್ನ ವ್ಯಾಪಾರವೇ ಅಪರಿಚಿತವಾಗಿರುತ್ತದೆ. ಕರಾರು ಮುಗಿದಾಗ ಈ ವಿವರಗಳೆಲ್ಲವನ್ನೂ ಒಪ್ಪಿಸತಕ್ಕದ್ದೆಂದು ಮೊದಲೇ ಬರೆಯಿಸಿಕೊಳ್ಳಬೇಕು.

ಅಧಿಕಾರಿಗಳಿಗೂ ಒಂದು ಮಾತು. ವಾಹಕರ ನೋಂದಣಿಯು ಸಾರಿಗೆ ಪ್ರಾಧಿಕಾರದ ಕೈಯಲ್ಲಿರುವ ಕೆಲಸವು. ನೋಂದಾಯಿಸಿಕೊಂಡವರ ಪಟ್ಟಿಯನ್ನು ಯಶವಂತಪುರದ ಸಾರಿಗೆ ಕಚೇರಿಯಲ್ಲಿಯೂ ಮಾರುಕಟ್ಟೆಯ ಪ್ರಾಂಗಣದಲ್ಲಿಯೂ ಸಾಮಾನ್ಯನು ಓದುವಂತೆ ಕನ್ನಡದಲ್ಲಿ ಅಂಟಿಸುವುದಕ್ಕೆ ಹೊಸ ಕಾನೂನೂ ಬೇಡ, ಹೊಸ ಹಣವೂ ಬೇಡ. ೧೯೧೬ರಲ್ಲಿ ಮೈಸೂರು ವಾಣಿಜ್ಯ ಮಂಡಲಿಯಾಗಿ ಹುಟ್ಟಿ ಈಗ ರಾಜ್ಯದ ವಾಣಿಜ್ಯ ಕೈಗಾರಿಕಾ ಮಹಾಸಂಸ್ಥೆಯಾಗಿರುವವರೂ, ಪೀಣ್ಯದ ಕೈಗಾರಿಕಾ ಸಂಘದವರೂ, ಲಾರಿ ಮಾಲೀಕರ ಪ್ರತಿನಿಧಿಗಳನ್ನು ಕರೆದು ಕೂರಿಸಿಕೊಂಡು ಒಂದು ಮಾದರಿ ಕರಾರನ್ನು ತಯಾರಿಸಬಾರದೇಕೆ? ರಸೀದಿಯು ಯಾರ ಹೆಸರಿನಲ್ಲಿ, ಘೋಷಿಸಿದ ಬೆಲೆಯೆಷ್ಟು, ಗೇಟಿನಲ್ಲಿ ಕಾದ ಗಂಟೆಗೆ ಎಷ್ಟು, ಡೀಸಲು ಏರಿದರೆ ಎಷ್ಟು, ಲೆಕ್ಕವನ್ನು ಎಂದು ಒಪ್ಪಿಸಬೇಕು: ಇಷ್ಟನ್ನು ಎರಡು ಪುಟಗಳಲ್ಲಿ, ಗುಮಾಸ್ತನಿಗೂ ಚಾಲಕನಿಗೂ ತಿಳಿಯುವ ಕನ್ನಡದಲ್ಲಿ ಬರೆಯಬಹುದು. ಆ ಕರಡನ್ನು ಯಾರಾದರೂ ಸಿದ್ಧಪಡಿಸಿ ಕಳುಹಿಸಿದಲ್ಲಿ ಈ ಪುಟದಲ್ಲಿಯೇ ಸಮಗ್ರವಾಗಿ ಪ್ರಕಟಿಸುವೆವು.